ಯಾರೂ ಕೈ ಹಚ್ಚಿಲ್ಲ

ಈ ಸಲ ಖಂಡೆ ಪೂಜೆಯ ದಿನ ನಮ್ಮ ದೇವರ ಮುಂದೆ ಟಿವಿಯ ರಿಮೋಟು ಕುಂಕುಮ ಹಚ್ಚಿಕೊಂಡು ಮಲಗಿತ್ತು. ಎಡಕ್ಕೆ ಈಳಿಗೆ, ಬಲಕ್ಕೆ ಕತ್ತರಿ, ನಡುವೆ ಇದು. ಆಯುಧಗಳ ಸಾಲಿನಲ್ಲಿ ಇದಕ್ಕೆ ಜಾಗ ಹೇಗೆ ಸಿಕ್ಕಿತು ಎಂದು ನಮ್ಮಾಕೆಯನ್ನು ಕೇಳಿದೆ.

“ದಿನಾ ಸಂಜಿಕ ಅದನ್ನ ಕೈಯಾಗ ಹಿಡ್ಕೊಂಡು ಸುದ್ದಿ ಓದೋರ ಜೋಡಿ ಯುದ್ಧ ಮಾಡ್ತೀರಲ್ಲ,” ಅಂದಳು. “ಆಯುಧ ಅಲ್ಲೇನ್ರಿ ಅದು?”

ಬೇರೆಯವರ ಮಾತಿನಲ್ಲಿ ತಪ್ಪು ಹುಡುಕುವುದು ನನ್ನ ಹಳೆಯ ಚಟ. ಇಲ್ಲಿ ತಪ್ಪು ಸಿಗಲಿಲ್ಲ. ಬೇರೆ ಕಡೆಯವರು ಆಯುಧ ಪೂಜೆ ಎನ್ನುವುದನ್ನೇ ನಾವು ಖಂಡೆ ಪೂಜೆ ಎನ್ನುತ್ತೇವೆ. ಮಹಾನವಮಿಯ ದಿನ ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡಿದರೆ, ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೂ ಅವಕ್ಕೆ ರಜೆ. ಯಾರೂ ಕೈ ಹಚ್ಚುವಂತಿಲ್ಲ. ಹೀಗಾಗಿ ಆ ದಿನವೆಲ್ಲ ಟಿವಿ ಬಂದ್. ಟಿವಿ ಬಂದಾದ ಮನೆಯಲ್ಲಿ ನಿವೃತ್ತ ಮಾಸ್ತರನಿಗೆ ಉಳಿಯುವ ಕೆಲಸ ಒಂದೇ, ನೆನಪು ಮಾಡಿಕೊಳ್ಳುವುದು. ಅದರಲ್ಲೂ ನಾನು ಅಷ್ಟು ಗಟ್ಟಿಗನಲ್ಲ.

ನಾನು ಬೆಳೆದದ್ದು ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ. ವರ್ಷವಿಡೀ ಮಗ್ಗಗಳ ಖಟಪಟ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಒದರಲೇಬೇಕು. ಖಂಡೆ ಪೂಜೆಯ ದಿನ ಮಾತ್ರ ಎಲ್ಲ ಮಗ್ಗಗಳೂ ಒಮ್ಮೆಗೇ ಸುಮ್ಮನಾಗುತ್ತಿದ್ದವು. ಮಂದಿ ಸುಮ್ಮನಾಗುತ್ತಿರಲಿಲ್ಲ. ರೂಢಿಯಂತೆ ಒದರಿಯೇ ಮಾತನಾಡುತ್ತಿದ್ದರು. ಯಾರ ಮನೆಯ ಹೋಳಿಗೆ ಸೀದಿತು, ಯಾರ ಅಳಿಯ ಮುನಿಸಿಕೊಂಡ, ಯಾರ ಅತ್ತೆ ಯಾರಿಗೆ ಏನೆಂದಳು ಎಂಬುದೆಲ್ಲ ಆ ಒಂದು ದಿನ ಇಡೀ ಓಣಿಗೆ ಬಯಲಾಗುತ್ತಿತ್ತು. ನನಗೆ ನವರಾತ್ರಿಯಲ್ಲಿ ಅತ್ಯಂತ ಇಷ್ಟವಾದ ದಿನ ಅದೇ.

ಅಡಿಗೆಮನೆಯಲ್ಲಿ ಈಳಿಗೆಯೂ ಪೂಜೆಗೆ ಹೋಗಿರುತ್ತಿತ್ತಲ್ಲ, ಅವ್ವ ಮೆಂತ್ಯದ ಸೊಪ್ಪನ್ನು ಕೈಯಿಂದಲೇ ಹರಿಯುತ್ತಿದ್ದಳು. ಉಳ್ಳಾಗಡ್ಡಿ ಹೆಚ್ಚುವಂತಿಲ್ಲ, ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಬೇಕು. ಗುದ್ದುವ ಅಧಿಕಾರ ನನ್ನದಾಗಿತ್ತು. ಇದನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕ ಮಾತ್ರ ಒಪ್ಪುವುದಿಲ್ಲ. “ಗುದ್ದತಿದ್ದಾಕಿ ನಾನು. ನೀ ಕಣ್ಣೀರ್ ಒರಸ್ಕೋತ ಹೊರಗ ಓಡ್ತಿದ್ದಿ,” ಅನ್ನುತ್ತಾಳೆ. ಗುದ್ದಿದ್ದು ನನ್ನ ಮುಷ್ಟಿಗೆ ಇವತ್ತಿಗೂ ನೆನಪಿದೆ. ತೊಂದರೆ ಏನೆಂದರೆ, ಕಣ್ಣೀರೂ ನೆನಪಿದೆ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದ್ದರಿಂದ ಈ ಅನುಮಾನದ ಕಾಯಿಲೆ ಹೆಚ್ಚಾಯಿತು. ಏನನ್ನೇ ಆಗಲಿ ‘ಹೌದು’ ಎನ್ನುವ ಮೊದಲು ನಾಲ್ಕು ಸಲ ಅನುಮಾನಿಸುವುದನ್ನು ಅಲ್ಲಿ ಕಲಿಸಿದರು. ಗದಗಿನ ಕಾಲೇಜಿನಲ್ಲಿ ಅದನ್ನೇ ನಾನು ಹುಡುಗರಿಗೆ ಕಲಿಸಿದೆ. ಹುಡುಗರು ಮರೆತರು, ನಾನು ಮರೆಯಲಿಲ್ಲ. ನಮ್ಮ ಬಳಗದಲ್ಲಿ ಕನ್ಯೆ ನೋಡಲು, ಹೊಲ ನೋಡಲು, ಎಮ್ಮೆ ನೋಡಲು ಹೋಗುವವರು ಯಾರೂ ನನ್ನನ್ನು ಕರೆದೊಯ್ಯುವುದಿಲ್ಲ. ಕರೆದೊಯ್ದರೆ ಕೆಲಸ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದೂ ಎರಡು ವರ್ಷದ ಹಿಂದೆ ನನ್ನ ಬಾಲ್ಯದ ಗೆಳೆಯ ಮಕ್ಬೂಲ ನನ್ನ ಮಾತಿನ ಮೇಲೆ ಮೂರು ಅಂಗಡಿಗಳ ಹಣೆಬರಹ ಬಿಟ್ಟಿದ್ದ. ರಿಮೋಟು ನೆನಪಿಸಿದ್ದು ಆ ಕಥೆಯನ್ನು.

ಮಕ್ಬೂಲನ ಮನೆತನದ್ದು ಬೋರ್ಡು ಬರೆಯುವ ಕಸಬು. ಅವನಪ್ಪ ಕುಂಚ ಹಿಡಿದವರು, ಇವನೂ ಕುಂಚ ಹಿಡಿದ. ಇವನ ದೆಸೆ ತಿರುಗಿದ್ದು ಗದಗ ಹೊಸ ಜಿಲ್ಲೆಯಾದಾಗ. ಊರೂರಿನ ಅಂಗಡಿ, ಸೊಸಾಯಟಿ, ಶಾಲೆಗಳ ಬೋರ್ಡಿನ ಮೇಲೆಲ್ಲ ‘ಜಿ: ಧಾರವಾಡ’ ಎಂದಿತ್ತು. ಎಲ್ಲವೂ ‘ಜಿ: ಗದಗ’ ಆಗಬೇಕಾಯಿತು. ಇವನು ಬಣ್ಣದ ಡಬ್ಬಿ ಕಟ್ಟಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ತಿರುಗಿ ಧಾರವಾಡವನ್ನು ಅಳಿಸುತ್ತ ಬಂದ. ಮುಂದೆ ಲಕ್ಷ್ಮೇಶ್ವರವೇ ತಾಲೂಕಾದಾಗ ಇನ್ನೊಂದು ಸುತ್ತು. “ಸರ್ಕಾರ ಗಡಿ ಬದಲಿ ಮಾಡಿದಾಗೊಮ್ಮಿ ನಮ್ಮ ಮನ್ಯಾಗ ಬಿರ್ಯಾನಿ ಆಗ್ತೈತಿ,” ಎಂದು ಅವನು ಈಗಲೂ ಹೇಳುತ್ತಾನೆ. ಕುಂಚದ ಕಾಲ ಮುಗಿದು ಫ್ಲೆಕ್ಸು ಬಂತು, ಲಗ್ನಪತ್ರಿಕೆಯ ವ್ಯಾಪಾರ ಸೇರಿತು. ಗದಗಿನಲ್ಲಿ ದೊಡ್ಡ ಅಂಗಡಿ, ಉಳಿದ ಮೂರು ಊರುಗಳಲ್ಲಿ ಒಂದೊಂದು ಕಂಪ್ಯೂಟರಿನ ಸಣ್ಣ ಅಂಗಡಿ. ಅಲ್ಲಿ ಅಕ್ಷರ ಜೋಡಿಸುತ್ತಾರೆ, ಗದಗಿನಲ್ಲಿ ಛಾಪಿಸುತ್ತಾರೆ.

ಕಂಪ್ಯೂಟರುಗಳಿಗೆ ಒಂದು ಗುಣವಿದೆ. ಲಗ್ನದ ಸೀಜನ್ನಿನಲ್ಲೇ ಅವಕ್ಕೆ ಜಡ್ಡು ಬರುತ್ತದೆ. ಶಿರಹಟ್ಟಿಯದು ನಿಂತರೆ ಗದಗಿನ ಮೆಕ್ಯಾನಿಕ್ ಬಸ್ಸು ಹತ್ತಬೇಕು. ಅವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಂಡರಗಿಯದು ನಿಂತಿರುತ್ತದೆ. ಬೇಸತ್ತ ಮಕ್ಬೂಲ ಒಂದು ದಿನ ನನ್ನೆದುರು ಕುಳಿತು ಹೇಳಿದ: “ಆತು ಮಾಸ್ತರ, ಮೂರೂ ಕಂಪ್ಯೂಟರ್ ಗದಗಿಗೆ ತರ್ತೀನಿ. ಅಲ್ಲಿ ಬರೇ ಆರ್ಡರ್ ತಗೊಳ್ಳಾಕ ಒಬ್ಬೊಬ್ಬರನ್ನ ಕುಂಡರಸ್ತೀನಿ.”

ಎಲ್ಲೋ ಓದಿದ್ದನ್ನು ನೆನಪಿಟ್ಟುಕೊಂಡು ನಾನು ಬಾಯಿ ಹಾಕಿದೆ. ದೂರದ ಕಂಪ್ಯೂಟರನ್ನು ಕುಳಿತಲ್ಲಿಂದಲೇ ನಡೆಸುವ ಪುಟ್ಟ ಡಬ್ಬಿಗಳು ಈಗ ಅಗ್ಗವಾಗಿ ಸಿಗುತ್ತವೆ. ಬೆಂಕಿಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡವು. ಪರದೆಗೆ ಹೋಗುವ ಚಿತ್ರ ಒಂದು ವಾಯರಿನಿಂದ ಅದರೊಳಗೂ ಬರುತ್ತದೆ. ಇನ್ನೊಂದು ವಾಯರಿನಿಂದ ಅದು ಕೀಲಿಮಣೆಯಂತೆ, ಮೌಸಿನಂತೆ ನಟಿಸುತ್ತದೆ. ಮೂರನೆಯದು ಇಂಟರ್ನೆಟ್ಟಿಗೆ. ಬರೀ ಸಾಫ್ಟ್‌ವೇರಿನಲ್ಲೂ ಇಂಥದು ಆಗುತ್ತದೆ. ಆದರೆ ಅದಕ್ಕೆ ಆಚೆಯ ಕಂಪ್ಯೂಟರು ಸರಿಯಾಗಿ ಎದ್ದು ಕುಳಿತಿರಬೇಕು. ಈ ಡಬ್ಬಿಗೆ ಆ ಹಂಗಿಲ್ಲ. ಎದ್ದೇಳಲು ಒದ್ದಾಡುತ್ತಿರುವಾಗಿನ ಕಪ್ಪು ಪರದೆಯನ್ನೂ ತೋರಿಸುತ್ತದೆ. ಕಂಪ್ಯೂಟರಿನ ಗುಂಡಿಗೆ ಒಂದು ಎಳೆ ವಾಯರು ಜೋಡಿಸಿದರೆ, ಪೂರ್ತಿ ಆರಿದ್ದನ್ನೂ ಇಲ್ಲಿಂದಲೇ ಎಬ್ಬಿಸಬಹುದು. ಹಾಗಂತ ಅದನ್ನು ಮಾರುವವರು ಹೇಳುತ್ತಾರೆ, ನಾನಲ್ಲ ಎಂದು ಕಡೆಗೆ ಸೇರಿಸಿದೆ.

“ಮೂರು ನಮೂನಿ ಮೂರು ತರಸ್ತೀನಿ,” ಅಂದ ಮಕ್ಬೂಲ. “ದೀಪಾವಳಿತನಕ ನೋಡು. ಛಲೋ ಅದಾವು ಅಂದ್ರ ಅಂಗಡಿ ಹಂಗ ಇರ್ತಾವು. ಇಲ್ಲಂದ್ರ ಕಂಪ್ಯೂಟರ್ ಗದಗಿಗೆ ಬರ್ತಾವು. ಹೌದು ಇಲ್ಲ, ಇಷ್ಟ ಹೇಳು. ನಿನ್ನ ‘ಒಂದು ರೀತೀಲೆ ನೋಡಿದ್ರ’ ಅನ್ನೋ ಮಾತು ಬ್ಯಾಡ.”

ಇದರ ಭಾರ ನನಗೆ ತಿಳಿದದ್ದು ಲಕ್ಷ್ಮೇಶ್ವರಕ್ಕೆ ಹೋಗಿ ಬಂದಾಗ. ಅಲ್ಲಿಯ ಅಂಗಡಿ ನಡೆಸುವವಳು ರೇಣುಕಾ. ಹತ್ತಿರದ ಶಿಗ್ಲಿಯ ಸೊಸೆ, ಒಂದು ಸಣ್ಣ ಮಗಳ ತಾಯಿ. ಬೆಳಗ್ಗೆ ಬಂದು ಸಂಜೆ ಬೆಳಕಿರುವಾಗಲೇ ಮನೆ ಸೇರಬಹುದೆಂಬ ಕರಾರಿನ ಮೇಲೆ ಅತ್ತೆ ಶಿವವ್ವ ಅವಳನ್ನು ಕೆಲಸಕ್ಕೆ ಕಳಿಸಿದ್ದಳು. ಗದಗಿಗೆ ಹೋಗಿಬರುವುದಕ್ಕೆ ಅಲ್ಲಿ ಒಪ್ಪಿಗೆಯಿಲ್ಲ. ಕಂಪ್ಯೂಟರು ಹೋದರೆ ಅವಳ ಕೆಲಸವೂ ಹೋಯಿತು. ಬರೀ ಆರ್ಡರು ಬರೆದುಕೊಳ್ಳುತ್ತ ಕೂಡ್ರುವುದು ಅವಳಿಗೆ ಬೇಡ. ಅಕ್ಷರ ಜೋಡಿಸುವುದೆಂದರೆ ಅವಳಿಗೆ ಅಷ್ಟು ಆಸೆ. ಗಣಪತಿಯ ಸೊಂಡಿಲನ್ನು ವಧೂವರರ ಹೆಸರಿನ ಮೇಲೆ ಎಲ್ಲಿ ಬಾಗಿಸಬೇಕು ಎಂಬುದರ ಬಗ್ಗೆ ನನ್ನೊಂದಿಗೆ ಚಹಾ ಆರುವವರೆಗೆ ಮಾತನಾಡಿದಳು.

“ಸರ, ನಿಮ್ಮ ಡಬ್ಬಿ ಪಾಸಾದ್ರ ನಾನೂ ಪಾಸ್ರಿ,” ಅಂದಳು ಹೊರಡುವಾಗ.

ಬಸ್ಸಿನಲ್ಲಿ ಕುಳಿತು ನಾನು ಯೋಚಿಸಿದೆ. ಆಯುಷ್ಯದಲ್ಲಿ ಯಾರನ್ನೂ ಬೇಕೆಂದು ಫೇಲು ಮಾಡಿದವನಲ್ಲ ನಾನು. ಹಾಗೆಯೇ ಯಾವುದನ್ನೂ ಒಮ್ಮೆಗೇ ಪಾಸು ಮಾಡಿದ ದಾಖಲೆಯೂ ಇಲ್ಲ.

ಡಬ್ಬಿಗಳು ಬಂದವು. ಒಂದು ಬಿಳಿಯದು, ನೋಡಲು ಚೆಂದ, ಮೂರರಲ್ಲಿ ತುಟ್ಟಿ. ಒಂದು ಬೂದು. ಒಂದು ಕರಿಯದು, ಎಲ್ಲಕ್ಕಿಂತ ಅಗ್ಗದ್ದು; ಮುಟ್ಟಿದರೆ ಮಕ್ಕಳ ಆಟಿಗೆಯ ಹಾಗೆ ಕಿರ್ರೆನ್ನುತ್ತಿತ್ತು. ಮಕ್ಬೂಲನ ಅಂಗಡಿಯಲ್ಲಿ ತಪ್ಪು ಛಾಪಾದ ಲಗ್ನಪತ್ರಿಕೆಗಳಲ್ಲಿ ಒಂದೊಂದನ್ನೂ ಸುತ್ತಿ, ಬಸ್ ಸ್ಟ್ಯಾಂಡಿಗೆ ಹೋಗಿ ಮೂರು ಊರಿನ ಬಸ್ಸುಗಳಲ್ಲಿ ಕಳಿಸಿದೆ. ಬಿಳಿ ಲಕ್ಷ್ಮೇಶ್ವರಕ್ಕೆ, ಬೂದು ಶಿರಹಟ್ಟಿಗೆ, ಕರಿಯದು ಮುಂಡರಗಿಗೆ. ಯಾವ ಬಸ್ಸಿನ ಯಾವ ಕಿಟಕಿಯಿಂದ ಕಂಡಕ್ಟರ್ ಕೈ ಚಾಚಿದ ಎಂಬುದೂ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಪೊಟ್ಟಣದ ಮೇಲೆ ಗುರುತು ಮಾಡಲಿಲ್ಲ. ಮೊದಲು ಮಾದರಿಗಳಿಗೆ ಗುರುತು ಹಾಕಿ ಎಂದು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ. ಆದರೆ ಕಣ್ಣಿಗೆ ಕಟ್ಟಿದ ಮೇಲೆ ಗುರುತು ಯಾಕೆ?

ಜೋಡಿಸುವುದನ್ನೆಲ್ಲ ಫೋನಿನಲ್ಲೇ ಹೇಳಿಕೊಟ್ಟೆ. ಇಲ್ಲಿ ನಮ್ಮ ಭಾಗದ ಒಂದು ಕ್ರಿಯಾಪದದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ‘ಹಚ್ಚು’ ಎಂಬ ಒಂದೇ ಮಾತಿನಿಂದ ಉತ್ತರ ಕರ್ನಾಟಕದಲ್ಲಿ ಜನ್ಮ ಕಳೆಯಬಹುದು. ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಫೋನು ಹಚ್ಚುತ್ತೇವೆ, ಟಿವಿ ಹಚ್ಚುತ್ತೇವೆ, ಮಗನನ್ನು ಸಾಲಿಗೆ ಹಚ್ಚುತ್ತೇವೆ, ಇಬ್ಬರ ನಡುವೆ ಜಗಳವನ್ನೂ ಹಚ್ಚುತ್ತೇವೆ. ಅದರ ಭರವಸೆಯ ಮೇಲೆ ನಾನು ಮುಂಡರಗಿಯ ಬಸಪ್ಪನಿಗೆ, “ಕಂಪ್ಯೂಟರಿಗೆ ಆ ಡಬ್ಬಿ ಹಚ್ಚು,” ಎಂದೆ. ಬಸಪ್ಪ ನನ್ನ ಓರಗೆಯವನೇ, ಮಕ್ಬೂಲನ ಜೊತೆ ಕುಂಚದ ಕಾಲದಿಂದ ಇರುವವನು. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು.

“ಹಚ್ಚೇನ್ರಿ ಸರ.”

“ಗಟ್ಟಿ ಕುಂತೈತಿ?”

“ಉಗುರ್ಲೆ ಕಿತ್ರೂ ಬರಂಗಿಲ್ಲ, ಅಷ್ಟು ಗಟ್ಟಿ ಕುಂತೈತ್ರಿ.”

ನನ್ನ ಪರದೆಯ ಮೇಲೆ ಏನೂ ಬರಲಿಲ್ಲ. ಡಬ್ಬಿಯ ದೀಪ ಹತ್ತಿದೆಯೇ ಎಂದೆ. ಇಲ್ಲ ಎಂದ. ವಾಯರು ನೋಡು ಎಂದೆ. “ವಾಯರು ಪಾಕೀಟಿನ್ಯಾಗ ಅದಾವ್ರಿ. ನೀವು ಡಬ್ಬಿ ಅಷ್ಟ ಹಚ್ಚು ಅಂದ್ರಿ,” ಎಂದ. ಆಯುಷ್ಯವೆಲ್ಲ ಪೋಸ್ಟರು, ಸ್ಟಿಕ್ಕರು ಹಚ್ಚಿದ ಮನುಷ್ಯ. ಎರಡೂ ಬದಿಗೆ ಅಂಟುವ ಪಟ್ಟಿಯಿಂದ ಅದನ್ನು ಕಂಪ್ಯೂಟರಿನ ಹಣೆಯ ನಟ್ಟನಡುವೆ, ವಿಭೂತಿ ಹಚ್ಚಿದ ಹಾಗೆ ಹಚ್ಚಿದ್ದ. ಅದನ್ನು ಬಿಡಿಸಲು ಸೀಮೆಎಣ್ಣೆ ಬೇಕಾಯಿತು.

ಪರೀಕ್ಷೆ ನಡೆಯಿತು. ದಿನಾ ಬೆಳಗ್ಗೆ ನಾಷ್ಟಾ ಮುಗಿಸಿ ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಕುಳಿತು ಮೂರು ಊರು ತಿರುಗುತ್ತಿದ್ದೆ. ಲಕ್ಷ್ಮೇಶ್ವರದ ಪರದೆಯ ಮೇಲಿನ ಮೌಸಿನ ಬಾಣ ನನ್ನ ಕೈ ಅಲುಗಿದ ಕೂಡಲೇ ಅಲುಗುತ್ತಿತ್ತು. ಮುಂಡರಗಿಯ ಬಾಣ ಬೀಗರ ಹಾಗೆ, ಕರೆದು ಎಷ್ಟೋ ಹೊತ್ತಾದ ಮೇಲೆ ಬರುತ್ತಿತ್ತು. ನಡುನಡುವೆ ಚಿತ್ರವೇ ಮಾಯ. ಶಿರಹಟ್ಟಿಯ ಡಬ್ಬಿ ಕಾವಿಗೆ ಬಿಸಿಯಾಗಿ, ಅಲ್ಲಿಯವರು ಅದರ ಮೇಲೆ ಒದ್ದೆ ಅರಿವೆ ಹಾಕಲೇ ಎಂದು ಕೇಳಿ ನನ್ನ ಎದೆ ಒಡೆಸಿದರು. ಅದಕ್ಕೆ ಇನ್ನೊಂದು ಅಭ್ಯಾಸವಿತ್ತು. ನಾನು ಒತ್ತಿದ ಕೀಲಿಯನ್ನು ಬಿಟ್ಟಿದ್ದೇನೆಂಬ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತಿತ್ತು. ಒಮ್ಮೆ ಅಲ್ಲಿಯ ಲಗ್ನಪತ್ರಿಕೆಯೊಂದನ್ನು ಇಲ್ಲಿಂದ ತಿದ್ದಿ ನೋಡಿದೆ. ಸಂಜೆ ಕಚ್ಚಾ ಪ್ರತಿ ಮಕ್ಬೂಲನ ಕೈಗೆ ಬಂತು. ಕೊನೆಗೆ ‘ತಮ್ಮ ಆಗಮನವನ್ನು ಬಯಸುವವವವವವವವರು’ ಎಂದಿತ್ತು. ಯಾಕೆ ನೋಡಲಿಲ್ಲ ಎಂದು ಅವನು ಶಿರಹಟ್ಟಿಗೆ ಫೋನು ಮಾಡಿದರೆ, ಅಲ್ಲಿಯ ಹುಡುಗಿ, “ಇವರು ಭಾಳ ಬಯಸೋ ಮಂದಿ ಇರಬೇಕು ಅಂದ್ಕೊಂಡ್ವಿರಿ,” ಅಂದಳಂತೆ.

ನನ್ನ ಅನುಮಾನಗಳಿಗೆ ಮೇವು ಸಿಕ್ಕಿತು. ನಾನು ಇಲ್ಲಿಂದ ಕೈ ಹಾಕಬಹುದಾದರೆ ಬೇರೆಯವರೂ ಹಾಕಬಹುದಲ್ಲ? ಒಂದು ಡಬ್ಬಿಯ ಗುಪ್ತಪದ, ಅಂದರೆ ಪಾಸ್‌ವರ್ಡು, ಆ ಕಂಪನಿಯ ಎಲ್ಲ ಪುಸ್ತಿಕೆಗಳಲ್ಲೂ ಒಂದೇ ಛಾಪಾಗಿತ್ತು. ಅದು ಗುಪ್ತ ಹೇಗಾದೀತು? ಯಾರಿಂದಲೂ ಊಹಿಸಲಾಗದಂಥದ್ದನ್ನು ಇಟ್ಟೆ. ಎರಡು ದಿನದ ಮೇಲೆ ನನ್ನಿಂದಲೂ ಊಹಿಸಲಾಗಲಿಲ್ಲ. ರೇಣುಕಾ ಗುಂಡುಸೂಜಿಯಿಂದ ಡಬ್ಬಿಯ ತೂತಿಗೆ ಚುಚ್ಚಿ ಮೊದಲಿನಂತೆ ಮಾಡಬೇಕಾಯಿತು. ಹೊಸದನ್ನು ಇಡುವಾಗ ನಮ್ಮಾಕೆಯ ಕಿವಿಯಲ್ಲೂ ಹೇಳಿಟ್ಟೆ.

ದಸರೆಯ ಹೊತ್ತಿಗೆ ನನ್ನ ತೀರ್ಪು ಒಂದು ರೂಪಕ್ಕೆ ಬಂದಿತ್ತು. ಮೂರರಲ್ಲಿ ನಂಬಬಹುದಾದರೆ ಬಿಳಿಯದೊಂದೇ. ಅದೂ ಆರಿದ ಕಂಪ್ಯೂಟರನ್ನು ಎಬ್ಬಿಸುತ್ತದೋ ಇಲ್ಲವೋ ಇನ್ನೂ ನೋಡಿಲ್ಲ. ಕರಿಯದು ಕೊಡುವುದಕ್ಕೂ ಬೇಡ, ಇಸಿದುಕೊಳ್ಳುವುದಕ್ಕೂ ಬೇಡ. ಮಕ್ಬೂಲ ಬಿಳಿಯದರ ಬೆಲೆ ಕೇಳಿ ಗಡ್ಡ ಕೆರೆದುಕೊಂಡ. “ಅಂಥಾವು ಮೂರು ತರೋದಕ್ಕಿಂತ ಮೂರೂ ಕಂಪ್ಯೂಟರ್ ಟೆಂಪೋದಾಗ ಹಾಕ್ಕೊಂಡು ಬರೋದು ಹಗರ ಬಿಡು,” ಅಂದ. ನನಗೆ ಲಕ್ಷ್ಮೇಶ್ವರದಲ್ಲಿ ಆರಿದ ಚಹಾ ನೆನಪಾಯಿತು. ನನ್ನ ಲೆಕ್ಕ ಸರಿಯೇ ಇತ್ತು. ಸರಿಯಿದ್ದದ್ದೇ ಬೇಸರದ ಸಂಗತಿ.

ಅಷ್ಟರಲ್ಲಿ ಖಂಡೆ ಪೂಜೆ ಬಂತು.

ಮಕ್ಬೂಲನ ಅಂಗಡಿಗಳಲ್ಲಿ ಖಂಡೆ ಪೂಜೆ ಅವನಪ್ಪನ ಕಾಲದಿಂದ ಇದೆ. ಕೆಲಸಗಾರರು ಆಗ ಕುಂಚಗಳಿಗೆ ಪೂಜೆ ಮಾಡುತ್ತಿದ್ದರು, ಈಗ ಕಂಪ್ಯೂಟರಿಗೆ ಮಾಡುತ್ತಾರೆ. ಇವನು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದು, ಆಮೇಲೆ ಎಲ್ಲರಿಗೂ ಪೇಢೆ ಹಂಚುತ್ತಾನೆ. “ಮಲಗಿದ ಕುಂಚ ನಮ್ಮಪ್ಪ ಯಾವತ್ತೂ ಎಬ್ಬಿಸಲಿಲ್ಲ,” ಎನ್ನುವುದು ಅವನ ಹೆಮ್ಮೆ. ಆ ವರ್ಷ ಪೇಢೆ ಹಿಡಿದು ಅವನು ಹೋದದ್ದು ಲಕ್ಷ್ಮೇಶ್ವರಕ್ಕೆ.

ನನಗೆ ಇಂಥವುಗಳಲ್ಲಿ ನಂಬಿಕೆಯಿಲ್ಲ. ಮುಂಡರಗಿಯ ಅಂಗಡಿಗೆ ಬೀಗ ಹಾಕಿ ಬಸಪ್ಪ ಬೀಗರೂರಿಗೆ ಹೋಗಿದ್ದ. ಕಂಪ್ಯೂಟರು ಆರಿದೆ, ಒಳಗೆ ಯಾರೂ ಇಲ್ಲ. ಎಬ್ಬಿಸುವ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಿನ ಎಲ್ಲಿದೆ? ನನ್ನ ಲ್ಯಾಪ್‌ಟಾಪಿಗೆ ನಮ್ಮಾಕೆ ಆಗಲೇ ಕುಂಕುಮ ಹಚ್ಚಿದ್ದಳು. ಅವಳು ಪಕ್ಕದ ಮನೆಗೆ ಹೋದದ್ದನ್ನು ನೋಡಿ ಅದನ್ನು ತೆರೆದೆ. ಡಬ್ಬಿಗಳು ಅದರಲ್ಲಿ ಹೆಸರಿನಿಂದಲ್ಲ, ಉದ್ದನೆಯ ಅಂಕಿಗಳಿಂದ ಗುರುತಾಗುತ್ತಿದ್ದವು. ಚೀಟಿ ನೋಡುವುದು ನನ್ನ ಘನತೆಗೆ ಕುಂದು. ಮುಂಡರಗಿಯ ಅಂಕಿಯನ್ನು ನೆನಪಿನಿಂದಲೇ ಬಡಿದು, ಗುಂಡಿ ಒತ್ತಿದೆ.

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆಯಂತೆ ಸಾಲುಗಟ್ಟಿ ಓಡಿದವು. ಎದ್ದಿತು. ಕರಿ ಡಬ್ಬಿಯನ್ನು ಅನ್ಯಾಯವಾಗಿ ಬೈದೆನಲ್ಲ ಎಂದು ಒಂದು ಕ್ಷಣ ಅಯ್ಯೋ ಅನ್ನಿಸಿತು. ಅಕ್ಷರಗಳು ಸರಿದು ಚಿತ್ರ ಮೂಡಿತು. ಮುಂದಿನ ಎರಡು ಹಲ್ಲಿಲ್ಲದ ಒಂದು ಮಗು ನನ್ನ ನೋಡಿ ನಗುತ್ತಿತ್ತು. ಅದು ದಿನಾ ಲಕ್ಷ್ಮೇಶ್ವರದ ಪರದೆಯ ಮೇಲೆ ಕಾಣುತ್ತಿದ್ದ ರೇಣುಕಾಳ ಮಗಳು. ಇದು ಮುಂಡರಗಿಯಲ್ಲ ಎಂದು ನನಗೆ ಹೊಳೆಯುವುದಕ್ಕೂ ಫೋನು ಬಾರಿಸುವುದಕ್ಕೂ ಸರಿಹೋಯಿತು.

“ಸರ,” ರೇಣುಕಾಳ ದನಿ ಸಣ್ಣದಾಗಿತ್ತು. “ಕಂಪ್ಯೂಟರ್ ತಾನ ಎದ್ದೈತ್ರಿ.”

“ಪೂಜೆ ಆಗಿತ್ತಾ?”

“ಈಗ ಆತ್ರಿ. ಕಾಯಿ ಒಡದು ಮಂಗಳಾರತಿ ಎತ್ತಿದ್ವಿ. ಒಳಗ ಗುರ್ರ್ ಅಂತು, ಮ್ಯಾಲಿನ ಚಂಡಹೂವು ಉದುರಿತು. ಎಲ್ಲಾರೂ ಹಿಂದ ಸರದಾರ್ರಿ.”

ಹಿಂದೆ ಯಾರೋ, “ದೇವಿ ಹೂ ಕೊಟ್ಟಾಳ,” ಎನ್ನುವುದು ಕೇಳಿಸಿತು. ಅದು ಪಕ್ಕದ ಚಹಾದಂಗಡಿಯವನು ಎಂದು ಆಮೇಲೆ ತಿಳಿಯಿತು. ಗಾಬರಿಯಲ್ಲಿ ನನ್ನ ಕೈ ಮೌಸಿಗೆ ತಾಗಿರಬೇಕು. “ಬಾಣ ತಿರಗಾಕತ್ತೈತೋ,” ಎಂದು ಇನ್ಯಾರೋ ಕೂಗಿದರು. ನಾನು ಕೈ ತೆಗೆದೆ.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳ ಗಡಸು ದನಿ ಎಲ್ಲವನ್ನೂ ಸುಮ್ಮನಾಗಿಸಿತು. ಪೂಜೆಗೆಂದು ಶಿಗ್ಲಿಯಿಂದ ಬಂದಿದ್ದ ಶಿವವ್ವ ಅದು. “ಪೂಜಿ ಆದದ್ದಕ್ಕ ಕೈ ಹಚ್ಚಿದಾವರು ಯಾರು?”

“ಯಾರೂ ಕೈ ಹಚ್ಚಿಲ್ರಿ ಅತ್ತಿ. ಸರ ಬೆಟಗೇರ್ಯಾಗ ಕುಂತು ಎಬ್ಬಿಸ್ಯಾರ.”

“ಅಲ್ಲಿಂದ ಕೈ ನೀಡಿದ್ರ ಅದು ಕಾಲು ಆಕ್ಕೈತೇನು? ಅದೂ ಕೈನ.”

ಫೋನು ಮಕ್ಬೂಲನ ಕೈಗೆ ಹೋಗಿತ್ತು. “ಲೇ ಮಾಸ್ತರ, ಏನ್ ಮಾಡಾಕತ್ತಿ? ನಮ್ಮಪ್ಪನ ಹೆಸರು ಒಂದು ಗುಂಡ್ಯಾಗ ಹಾಳ ಮಾಡಿದೆಲ್ಲೋ.”

“ಮುಂಡರಗಿ ಅಂತ ತಿಳ್ಕೊಂಡು ಒತ್ತಿದೆ,” ಅಂದೆ. “ಬಂದ್ ಮಾಡಿಬಿಡ್ಲಿ?”

“ನಿಂದರು. ಇನ್ನೊಮ್ಮಿ ಕೈ ಹಚ್ಚಬ್ಯಾಡ. ಇಲ್ಲಿ ಕೇಳಿ ಹೇಳ್ತೀನಿ.”

ಅಲ್ಲಿ ಪಂಚಾಯತಿ ಕೂಡಿತು. ಎದ್ದದ್ದನ್ನು ಹಾಗೇ ಬಿಡಬೇಕು ಎಂದು ಕೆಲವರು. ಮಲಗಿಸಬೇಕಾದರೆ ಮತ್ತೆ ಮುಟ್ಟಬೇಕಲ್ಲ, ಅದು ಎರಡನೆಯ ತಪ್ಪಾಗುತ್ತದೆ ಎಂದು ಚಹಾದಂಗಡಿಯವನು. ಕರೆಂಟು ಹೋಗುವವರೆಗೂ ಕಾಯೋಣ, ನಮ್ಮ ಕಡೆ ಅದಕ್ಕೇನು ಬಹಳ ಹೊತ್ತಾಗುವುದಿಲ್ಲ ಎಂದು ಮಕ್ಬೂಲ. ನಾನು ಬೆಟಗೇರಿಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲಿಲ್ಲದ ಮಗುವಿನ ನಗೆಯ ಮುಂದೆ ಅಪರಾಧಿಯಂತೆ ಕುಳಿತಿದ್ದೆ. ನಂಬಿಕೆಯಿಲ್ಲ ಎಂದೆನಲ್ಲ. ಆದರೂ ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಖಾತ್ರಿಯಾಗಿ ಇಲ್ಲ ಎನ್ನುತ್ತಿದ್ದೆನೋ ಇಲ್ಲವೋ ಅನುಮಾನ.

ತೀರ್ಪು ಕೊಟ್ಟವಳು ಶಿವವ್ವ. ಅವಳ ಮಾತನ್ನು ರೇಣುಕಾ ಇದ್ದದ್ದಿದ್ದ ಹಾಗೆ ದಾಟಿಸಿದಳು: “ಸರ, ನಮ್ಮತ್ತಿ ಹೇ‍ಳ್ತಾರ, ಮಲಗಿದ ಕೂಸು ಎಬ್ಬಿಸಿದಾವರ ಅದನ್ನ ಮಲಗಸಬೇಕಂತ. ಮತ್ತ, ಕೈ ಅಲ್ಲೈತೆಲ್ಲ, ಒಂದು ಕಾಯಿ ಅಲ್ಲೇ ಒಡೀಬೇಕಂತರಿ.”

ತೊಟ್ಟಿಲು ತೂಗುವಷ್ಟು ಮೆಲ್ಲಗೆ ಬಾಣವನ್ನು ಮೂಲೆಗೆ ಸರಿಸಿ ಒತ್ತಿದೆ. ಮಗುವಿನ ನಗೆ ಆರಿತು. ಅಲ್ಲಿ ಯಾರೋ ಉಸಿರು ಬಿಟ್ಟರು. ನಮ್ಮಾಕೆ ಪಕ್ಕದ ಮನೆಯಿಂದ ಬರುವಾಗ ನಾನು ಹೊಸ್ತಿಲ ಬಳಿ ಕಲ್ಲಿಗೆ ಕಾಯಿ ಅಪ್ಪಳಿಸುತ್ತಿದ್ದೆ. ಜೀವಮಾನದಲ್ಲಿ ಇದೇ ಮೊದಲು ಎಂದು ವಿವರಿಸಿದೆ. “ಈ ಮನಿ ಶಾಂತಿ ಮಾಡಿ ಒಳಗ ಬಂದಾಗ ಒಡದಿದ್ರೆಲ್ಲ, ಅದೂ ಕೊಳತದ್ದು ಹೊಂಟಿತ್ತು,” ಅಂದಳು. ಇರಬಹುದು.

ಕಾಯಿ ಒಡೆದ ಮೇಲೆ ಮಕ್ಬೂಲ ತಣ್ಣಗಾಗಿದ್ದ. ಅವನೊಳಗಿನ ವ್ಯಾಪಾರಸ್ಥ ಎದ್ದು ಕುಳಿತಿದ್ದ. “ಅಲ್ಲೋ, ಬೆಟಗೇರ್ಯಾಗ ಕುಂತು ಇಲ್ಲಿದು ಖರೇನ ಎಬ್ಬಿಸಿದೆಲ್ಲ. ಸತ್ತದ್ದು ಎಬ್ಬಿಸಂಗಿಲ್ಲ ಅಂತಿದ್ದಿ.”

“ನೋಡಿಲ್ಲ ಅಂದಿದ್ದೆ. ಅದು ಬಿಳೀದು, ತುಟ್ಟೀದು. ಅದಕ್ಕ ಎಬ್ಬಿಸೈತಿ.”

“ಯಾವ ಬಿಳೀದು?”

“ಅಲ್ಲಿರೋ ಡಬ್ಬಿ.”

“ಕಣ್ಣ ಮುಂದೈತಿ ಲೇ. ಕರೇದು. ಕಾಗಿ ಇದ್ಧಂಗೈತಿ.”

ಮುಂಡರಗಿಯ ಬಸ್ಸು, ಆ ಕಿಟಕಿ, ಆ ಕಂಡಕ್ಟರನ ಚಾಚಿದ ಕೈ, ಅದರಲ್ಲಿ ನಾನಿಟ್ಟ ಕರಿ ಡಬ್ಬಿಯ ಪೊಟ್ಟಣ, ಎಲ್ಲವೂ ಈಗಲೂ ನಿಚ್ಚಳವಾಗಿ ಕಾಣುತ್ತಿತ್ತು. ಇಂದಿಗೂ ಕಾಣುತ್ತದೆ. ಅದು ನಡೆದಿಲ್ಲ ಅಷ್ಟೇ. ಇಷ್ಟು ದಿನ ನನ್ನ ಕೈ ಅಲುಗಿದೊಡನೆ ಅಲುಗುತ್ತಿದ್ದದ್ದು, ಗುಂಡುಸೂಜಿಯ ಚುಚ್ಚು ತಿಂದೂ ಬದುಕಿದ್ದು, ಮಲಗಿದ್ದನ್ನು ಎಬ್ಬಿಸಿದ್ದು ಎಲ್ಲ ಆ ಕಾಗೆಯೇ. ಮುಂಡರಗಿಯಲ್ಲಿ ಬೀಗರ ಹಾಗೆ ತಡಮಾಡಿ ಬರುತ್ತಿದ್ದದ್ದು ಚೆಂದದ ಬಿಳಿಯದು.

“ಮಕ್ಬೂಲ,” ಅಂದೆ, “ನಾ ಹೇಳಿದ್ದೆಲ್ಲ ತಪ್ಪು. ಅಡಿಮ್ಯಾಲೆ ಆಗೈತಿ.”

“ಏನಂದಿ?”

“ಪೂರಾ ತಪ್ಪು.”

ಆಚೆಯಿಂದ ಅವನ ನಗೆ ಕೇಳಿಸಿತು. “ರೇಣುಕಾ, ಬಾರವ್ವಾ ಇಲ್ಲೆ. ನೀನೂ ಕೇಳು. ಮಾಸ್ತರ ಜಿಂದಗ್ಯಾಗ ಮೊದಲ ಸಲ ಒಂದು ಖಾತ್ರಿ ಮಾತು ಹೇಳ್ಯಾನ.”

ದೀಪಾವಳಿಯವರೆಗೆ ಬಿಟ್ಟ ಗಡುವಿನಲ್ಲಿ ಉಳಿದ ದಿನಗಳನ್ನು ನಾನು ಪ್ರಾಯಶ್ಚಿತ್ತಕ್ಕೆ ಬಳಸಿದೆ. ಡಬ್ಬಿಗಳನ್ನು ಅದಲುಬದಲು ಮಾಡಿಸಿದೆ, ಈ ಸಲ ಬಣ್ಣದ ಕಾಗದ ಅಂಟಿಸಿ, ಮೇಲೆ ಊರಿನ ಹೆಸರು ಬರೆಸಿ. ಬಿಳಿಯದು ಲಕ್ಷ್ಮೇಶ್ವರದಲ್ಲೂ ತಡಮಾಡಿತು. ಕರಿಯದು ಮುಂಡರಗಿಯಲ್ಲೂ ಚುರುಕಾಗಿತ್ತು. ಇಂಟರ್ನೆಟ್ಟಿನ ದೋಷ, ಹವೆಯ ದೋಷ, ಬಸಪ್ಪನ ಅಂಟಿನ ದೋಷ ಎಲ್ಲವನ್ನೂ ಅನುಮಾನಿಸಿ ನೋಡಿದೆ. ಕೊನೆಗೆ ಗದಗಿನ ಅಂಗಡಿಗೆ ಹೋಗಿ ಮಕ್ಬೂಲನ ಮುಂದೆ ನಿಂತೆ. “ಕರೇದು,” ಅಂದೆ. ಅವನು ಇನ್ನೇನಾದರೂ ಬರುತ್ತದೆಂದು ಕಾದ. ಒಂದು ರೀತಿಯಲ್ಲಿ ನೋಡಿದರೆ ಎಂಬ ಮಾತು ನನ್ನ ಗಂಟಲವರೆಗೂ ಬಂದಿತ್ತು. ನುಂಗಿಕೊಂಡೆ. ಅವನು ಇನ್ನೆರಡು ಕಾಗೆಗಳನ್ನು ತರಿಸಿದ. ಮೂರು ಕಂಪ್ಯೂಟರುಗಳೂ ಇದ್ದಲ್ಲೇ ಉಳಿದವು.

ತುಳಸಿ ಲಗ್ನ ಮುಗಿದು ಊರ ಲಗ್ನಗಳು ಸುರುವಾದ ಮೊದಲ ವಾರದಲ್ಲೇ ಲಕ್ಷ್ಮೇಶ್ವರದ್ದು ನಿಂತಿತು. ಎದುರಿಗೆ ಬೀಗರು ಕುಳಿತಿದ್ದಾರೆ, ಸಂಜೆಯೊಳಗೆ ಪತ್ರಿಕೆ ಗದಗಿಗೆ ಹೋಗಬೇಕು, ಪರದೆಯೆಲ್ಲ ಕಪ್ಪು. ನಾನು ಪಡಸಾಲೆಯಲ್ಲಿ ಕುಳಿತು, ಅಂಕಿಯನ್ನು ಚೀಟಿ ನೋಡಿಯೇ ಬಡಿದು, ಅದನ್ನು ಆರಿಸಿ, ಎಬ್ಬಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ದಾರಿಗೆ ತಂದೆ. ಪರದೆಯ ಹೊಸ ಚಿತ್ರದಲ್ಲಿ ಮಗುವಿಗೆ ಈಗ ಒಂದು ಹಲ್ಲು ಬಂದಿತ್ತು. ಪತ್ರಿಕೆ ತೆರೆಯಿತು. ಗಣಪತಿಯ ಸೊಂಡಿಲು ವರನ ಹೆಸರಿನ ಮೇಲೆ ಒಂದಿಷ್ಟು ಕೆಳಗೆ ಇಳಿದಂತೆ ಕಂಡಿತು. ಇಷ್ಟು ಮಾಡಿದವನು ಅದನ್ನೂ ಮಾಡಿಬಿಡೋಣ ಎಂದು ಹಿಡಿದು ಮೇಲೆತ್ತಿದೆ. ಅದು ಕೆಳಗಿಳಿಯಿತು. ಮತ್ತೆ ಎತ್ತಿದೆ. ಮತ್ತೆ ಇಳಿಯಿತು. ಡಬ್ಬಿಯಲ್ಲಿ ಏನೋ ದೋಷ ಎಂದು ಅನುಮಾನ ಸುರುವಾಗುತ್ತಿತ್ತು. ಅಷ್ಟರಲ್ಲಿ ಬಾಣ ನನ್ನ ಕೈ ಮೀರಿ ಸರ್ರನೆ ಓಡಿ, ವಧುವಿನ ಹೆಸರಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ನಿಂತಿತು. ಅಲ್ಲಿ ಒಂದೊಂದೇ ಅಕ್ಷರ ಮೂಡತೊಡಗಿತು:

‘ಸರ ಕೈ ತಗೀರಿ. ನಾ ಮಾಡ್ತೀನಿ.’

ಎರಡೂ ಕೈ ತೆಗೆದು ಹಿಂದಕ್ಕೆ ಒರಗಿದೆ. ಅಕ್ಷರಗಳು ಬಂದ ಹಾಗೆಯೇ ಬಲದಿಂದ ಎಡಕ್ಕೆ ಅಳಿಸಿಹೋದವು. ಸೊಂಡಿಲು ಕೂದಲೆಳೆಯಷ್ಟು ಬಾಗಿ, ಎಲ್ಲಿ ಇರಬೇಕೋ ಅಲ್ಲಿ ಕುಳಿತಿತು. ಖಾಲಿ ಜಾಗದಲ್ಲಿ ‘ಚಿ. ಸೌ.’ ಎಂದು ಬಂತು. ಆಮೇಲೆ ವಧುವಿನ ಹೆಸರಿನ ಮೊದಲ ಅಕ್ಷರ ಬಂತು.